ಜಿಂಕೆಗೂ ಜೇಬಿಗೂ ಒಂದೇ ಪಿಸ್ತೂಲೇ?

ನವೆಂಬರ್ 15 ಬಂತೆಂದರೆ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅದೊಂದು ಬಗೆಯ ಹಬ್ಬ. ಬಂದೂಕಿನಿಂದ ಜಿಂಕೆ ಬೇಟೆಯಾಡುವ ಹಂಗಾಮು ಶುರುವಾಗುವುದು ಅಂದೇ. ಹಳ್ಳಿಗಾಡಿನ ಎಷ್ಟೋ ಶಾಲೆಗಳು ಆ ದಿನ ರಜೆ ಕೊಟ್ಟುಬಿಡುತ್ತವೆ. ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟವರು ಬೆಳಕು ಹರಿಯುವ ಮುನ್ನವೇ ಕಾಡು ಸೇರಿ, ಮರಕ್ಕೆ ಕಟ್ಟಿದ ಅಟ್ಟಣೆಯೇರಿ ಉಸಿರು ಬಿಗಿಹಿಡಿದು ಕೂರುತ್ತಾರೆ. ನಮ್ಮ ಮಲೆನಾಡಿನ ಹಳಬರು ಮರಸು ಕೂರುವುದು ಅನ್ನುತ್ತಿದ್ದರಲ್ಲ, ಅದೇ. ಇವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ರೈಫಲ್ಲು ಇಲ್ಲವೇ ಶಾಟ್‌ಗನ್. ಅಲ್ಲೊಬ್ಬ ಇಲ್ಲೊಬ್ಬ ಮಾತ್ರ ಎದೆಗೆ ಬಿಗಿದ ಚರ್ಮದ ಒರೆಯಲ್ಲಿ ದೊಡ್ಡದೊಂದು ರಿವಾಲ್ವರ್ ಇಟ್ಟುಕೊಂಡು ಬಂದಿರುತ್ತಾನೆ.

ಇಂಥ ಆಸೆ ಹೊತ್ತವನು ಬಂದೂಕಿನಂಗಡಿಗೆ ಹೋದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಇಷ್ಟು ಡಾಲರು ಸುರಿದು ಕೊಳ್ಳುವ ಕೈಬಂದೂಕು ವರ್ಷಕ್ಕೆ ಎರಡು ವಾರ ಮಾತ್ರ ಯಾಕೆ ದುಡಿಯಬೇಕು? ಹಂಗಾಮು ಮುಗಿದ ಮೇಲೆ ಅದನ್ನೇ ಅಂಗಿಯಡಿ ಸಿಕ್ಕಿಸಿಕೊಂಡು ದಿನವೂ ಓಡಾಡಬಾರದೇ? ಲೆಕ್ಕಾಚಾರವೇನೋ ಜಾಣತನದ್ದೇ. ಆದರೆ ಜಿಂಕೆ ಕೇಳುವ ಪಿಸ್ತೂಲು ಬೇರೆ, ಸೊಂಟ ಕೇಳುವ ಪಿಸ್ತೂಲು ಬೇರೆ. ಎರಡನ್ನೂ ಒಂದರಲ್ಲೇ ಹುಡುಕಹೊರಟವನು ಕೊನೆಗೆ ಎರಡಕ್ಕೂ ಸಲ್ಲದ್ದನ್ನು ಮನೆಗೆ ತರುವ ಸಾಧ್ಯತೆಯೇ ಹೆಚ್ಚು.

ಈ ಪ್ರಶ್ನೆ ಇಷ್ಟು ಮಾಮೂಲಿಯಾಗಿರುವುದಕ್ಕೆ ಕಾರಣವಿದೆ. ಅಮೆರಿಕದವರು ಬಂದೂಕು ಇಟ್ಟುಕೊಳ್ಳುವ ಉದ್ದೇಶವೇ ಒಂದು ತಲೆಮಾರಿನಲ್ಲಿ ಬದಲಾಗಿಹೋಗಿದೆ. 1999ರ ಒಂದು ಸಮೀಕ್ಷೆಯಲ್ಲಿ ಬಂದೂಕುಳ್ಳವರ ಪೈಕಿ ಶೇ 49 ಮಂದಿ ಬೇಟೆಯೇ ಮುಖ್ಯ ಕಾರಣವೆಂದಿದ್ದರು. ಆತ್ಮರಕ್ಷಣೆ ಎಂದವರು ಶೇ 26 ಮಾತ್ರ. 2023ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ತುಸು ಬೇರೆ ರೀತಿಯಲ್ಲಿ ಕೇಳಿದಾಗ ರಕ್ಷಣೆಯನ್ನು ಪ್ರಮುಖ ಕಾರಣವಾಗಿ ಹೆಸರಿಸಿದವರು ಶೇ 72, ಬೇಟೆಯನ್ನು ಹೆಸರಿಸಿದವರು ಶೇ 32. ಕಾನೂನೂ ಇದೇ ದಿಕ್ಕಿನಲ್ಲಿ ಸರಿದಿದೆ. 2022ರ ಜೂನ್‌ನಲ್ಲಿ ಬ್ರೂಯನ್ ಪ್ರಕರಣದ ತೀರ್ಪು ಕೊಟ್ಟ ಅಮೆರಿಕದ ಸುಪ್ರೀಂ ಕೋರ್ಟು, ಮನೆಯಾಚೆಗೂ ಕೈಬಂದೂಕು ಒಯ್ಯುವುದು ಸಂವಿಧಾನದತ್ತ ಹಕ್ಕೆಂದಿತು. 2024ರ ಹೊತ್ತಿಗೆ 29 ರಾಜ್ಯಗಳು, ಅರ್ಹ ವಯಸ್ಕರು ಮರೆಯಲ್ಲಿ ಬಂದೂಕು ಒಯ್ಯಲು ಪರವಾನಗಿಯೇ ಬೇಡವೆಂದು ಬಿಟ್ಟಿದ್ದವು. ಹೀಗಾಗಿ ಅಜ್ಜ ಬೇಟೆಗೆಂದು ಕೊಂಡ ಅಂಗಡಿಯಲ್ಲೇ ಮೊಮ್ಮಗ ಸೊಂಟಕ್ಕೆಂದು ಕೊಳ್ಳುತ್ತಿದ್ದಾನೆ. ಇಬ್ಬರ ಬೇಡಿಕೆಯೂ ಒಂದೇ ತಲೆಯಲ್ಲಿ ಕೂಡಿಕೊಂಡಾಗ ಹುಟ್ಟುವುದೇ ಈ ಎರಡು-ಕೆಲಸದ ಪಿಸ್ತೂಲಿನ ಕನಸು.

ಮೊದಲು ಜಿಂಕೆಯ ಕಡೆಯ ವಾದ ನೋಡೋಣ. ಅಲ್ಲಿ ಬೇಟೆಯಾಗುವುದು ಹೆಚ್ಚಾಗಿ ಬಿಳಿಬಾಲದ ಜಿಂಕೆ. 1900ರ ಸುಮಾರಿಗೆ ಮಾರಾಟಕ್ಕಾಗಿ ಕೊಂದು ಕೊಂದು ದೇಶದಲ್ಲಿ ಕೆಲವು ಲಕ್ಷಕ್ಕೆ ಇಳಿದಿದ್ದ ಈ ಪ್ರಾಣಿ ಇವತ್ತು ಸುಮಾರು ಮೂರು ಕೋಟಿಗೇರಿದೆ. (ಇದರ ಹಿಂದೆಯೂ ಬಂದೂಕಿನ ದುಡ್ಡಿದೆ: 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು ಮತ್ತು ತೋಟೆಗಳ ಮೇಲಿನ ಸುಂಕ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ, 1970ರಲ್ಲಿ ಪಿಸ್ತೂಲುಗಳ ಮೇಲಿನ ಶೇ 10ರ ಸುಂಕವೂ ಅದಕ್ಕೆ ಸೇರಿತು. ಜಿಂಕೆಯ ಮುಖವನ್ನೇ ನೋಡದ ಪಟ್ಟಣಿಗನ ಜೇಬಿನ ಪಿಸ್ತೂಲೂ ಜಿಂಕೆಯ ಖರ್ಚಿಗೆ ಕಾಸು ಹಾಕುತ್ತದೆ.) ಬೆಳೆದ ಗಂಡು ಜಿಂಕೆ ಮನುಷ್ಯನಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ತೂಗುತ್ತದೆ. ಮುಂಗಾಲಿನ ಹಿಂದೆ, ಪಕ್ಕೆಲುಬಿನೊಳಗೆ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಇಂಚು ಅಗಲ. ಗುಂಡು ಅಲ್ಲಿಗೇ ಹೋಗಬೇಕು, ಆಳಕ್ಕಿಳಿಯಬೇಕು, ಸಾಧ್ಯವಾದರೆ ಆಚೆ ಬದಿಯಿಂದ ಹೊರಬಿದ್ದು ರಕ್ತದ ಜಾಡು ಬಿಡಬೇಕು.

ಇಷ್ಟು ಕಸುವು ಪಿಸ್ತೂಲಿಗೆ ಬಂದದ್ದು ತಡವಾಗಿ. 1935ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಮತ್ತು ವಿಂಚೆಸ್ಟರ್ ಕಂಪನಿಗಳು ಹಳೆಯ .38 ಸ್ಪೆಷಲ್ ತೋಟೆಯನ್ನು ಸ್ವಲ್ಪ ಉದ್ದ ಮಾಡಿ, ಒಳಗಿನ ಒತ್ತಡ ಏರಿಸಿ .357 ಮ್ಯಾಗ್ನಮ್ ಹೊರತಂದವು. ಮೊದಲ ರಿವಾಲ್ವರು ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಕೈಸೇರಿತು. ಕಂಪನಿಯ ಡಗ್ಲಸ್ ವೆಸ್ಸನ್ ತಾನೇ ವಯೋಮಿಂಗ್‌ಗೆ ಹೋಗಿ ಅದರಿಂದ ಎಲ್ಕ್, ಮೂಸ್‌ನಂಥ ದೊಡ್ಡ ಪ್ರಾಣಿಗಳನ್ನು ಹೊಡೆದು ಪ್ರಚಾರ ಮಾಡಿದ. ಐಡಹೋದಲ್ಲಿ ದನ ಸಾಕುತ್ತ, ಬಂದೂಕಿನ ಬಗ್ಗೆ ಬರೆಯುತ್ತ ಇದ್ದ ಎಲ್ಮರ್ ಕೀತ್ ಎಂಬ ದೊಡ್ಡ ಟೋಪಿಯ ಆಸಾಮಿಗೆ ಅದೂ ಸಾಲಲಿಲ್ಲ. ಅವನು .44 ಸ್ಪೆಷಲ್ ತೋಟೆಗೆ ಮನೆಯಲ್ಲೇ ಮದ್ದು ಬಿಗಿಯಾಗಿ ತುಂಬಿ ಹೊಡೆದು, ಇಂಥದ್ದನ್ನೇ ಮಾಡಿಕೊಡಿ ಎಂದು ವರ್ಷಗಟ್ಟಲೆ ಕಂಪನಿಗಳ ಬೆನ್ನುಬಿದ್ದ. ಆ ಹಟದ ಫಲವೇ 1955ರ ಕೊನೆಗೆ ಸಿದ್ಧವಾದ .44 ಮ್ಯಾಗ್ನಮ್. ಕೀತ್ ಇದರಿಂದ 600 ಗಜ ದೂರದ ಗಾಯಗೊಂಡ ಜಿಂಕೆಯನ್ನು ಉರುಳಿಸಿದೆನೆಂದು ಹೇಳಿಕೊಂಡಿದ್ದ. ಅದನ್ನು ನಂಬುವವರೂ ನಗುವವರೂ ಇವತ್ತಿಗೂ ಸಮಸಮ ಇದ್ದಾರೆ. 1971ರಲ್ಲಿ ‘ಡರ್ಟಿ ಹ್ಯಾರಿ’ ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಇದೇ ರಿವಾಲ್ವರ್ ಹಿಡಿದದ್ದೇ ತಡ, ಬೇಟೆಗಾರರ ಸಾಮಾನು ಪೇಟೆಯ ಹುಡುಗರ ಕನಸಾಯಿತು. ಇವತ್ತಿನ ಗೊಂದಲಕ್ಕೆ ಆ ಸಿನಿಮಾದ ಪಾಲೂ ಕೊಂಚ ಇದೆ.

ಗುಂಡಿನ ಕಸುವನ್ನು ಅಲ್ಲಿ ಅಡಿ-ಪೌಂಡಿನಲ್ಲಿ ಅಳೆಯುತ್ತಾರೆ. ಪೊಲೀಸರೂ ಜನಸಾಮಾನ್ಯರೂ ಒಯ್ಯುವ 9 ಎಂಎಂ ಗುಂಡು ನಳಿಗೆಯ ಬಾಯಲ್ಲಿ 350ರಿಂದ 400 ಅಡಿ-ಪೌಂಡ್ ಹೊತ್ತಿರುತ್ತದೆ. ನಾಲ್ಕಿಂಚು ನಳಿಗೆಯ .357 ಮ್ಯಾಗ್ನಮ್‌ನದು 540ರ ಆಸುಪಾಸು. .44 ಮ್ಯಾಗ್ನಮ್ 900 ದಾಟುತ್ತದೆ. ಸೋಜಿಗವೆಂದರೆ 9 ಎಂಎಂ ಮತ್ತು .357 ಗುಂಡುಗಳ ಅಗಲ ಬಹುತೇಕ ಒಂದೇ. ವ್ಯತ್ಯಾಸವೆಲ್ಲ ಗುಂಡಿನ ತೂಕದಲ್ಲಿ, ಅದರ ಹಿಂದಿರುವ ಮದ್ದಿನಲ್ಲಿ.

ಇಲ್ಲಿಗೆ ಸರ್ಕಾರ ಬರುತ್ತದೆ. ಬೇಟೆಯ ನಿಯಮ ಅಮೆರಿಕದಲ್ಲಿ ಆಯಾ ರಾಜ್ಯದ್ದು, ಒಂದಕ್ಕೊಂದು ತಾಳೆಯಿಲ್ಲ. ನಾಲ್ಕಿಂಚು ನಳಿಗೆಯ .357 ರಿವಾಲ್ವರನ್ನೇ ಹಿಡಿದುಕೊಂಡು ರಾಜ್ಯದಿಂದ ರಾಜ್ಯಕ್ಕೆ ಹೊರಟರೆ ಸಾಕು, ತಮಾಷೆ ಗೊತ್ತಾಗುತ್ತದೆ. ಟೆಕ್ಸಸ್‌ನಲ್ಲಿ ಅದಕ್ಕೆ ಯಾರ ಆಕ್ಷೇಪವೂ ಇಲ್ಲ, ಅಲ್ಲಿ .22 ರಿಮ್‌ಫೈರ್‌ನಂಥ ಪುಟ್ಟ ತೋಟೆಗಳನ್ನು ಬಿಟ್ಟರೆ ಜಿಂಕೆಗೆ ಇಂಥದ್ದೇ ಅಳತೆ ಎಂಬ ಕಟ್ಟಳೆಯಿಲ್ಲ, 9 ಎಂಎಂ ಕೂಡ ನಡೆಯುತ್ತದೆ. ಇಲಿನಾಯ್‌ನಲ್ಲಿ ನಳಿಗೆ ಕನಿಷ್ಠ ನಾಲ್ಕಿಂಚು ಇರಬೇಕು, ತೋಟೆಗೆ ನಳಿಗೆಯ ಬಾಯಲ್ಲಿ 500 ಅಡಿ-ಪೌಂಡ್ ಕಸುವಿರಬೇಕು, ನಮ್ಮ .357 ಹೇಗೋ ಪಾಸಾಗುತ್ತದೆ. ಓಹಾಯೋದ ಗಡಿ ದಾಟಿದರೆ ಫೇಲು: ಅಲ್ಲಿ .357 ಅಳತೆಗೆ ಅಡ್ಡಿಯಿಲ್ಲ, ಆದರೆ ನಳಿಗೆ ಐದಿಂಚು ಬೇಕು. ಕೊಲೊರಾಡೋದಲ್ಲಿ ನಳಿಗೆ ನಾಲ್ಕಿಂಚೇ ಸಾಕು, ಆದರೆ 50 ಗಜ ದೂರದಲ್ಲೂ 550 ಅಡಿ-ಪೌಂಡ್ ಉಳಿದಿರಬೇಕು. ಅಷ್ಟು ದೂರ ಹೋಗುವಷ್ಟರಲ್ಲಿ ಮಾಮೂಲಿ .357 ಗುಂಡು 430ಕ್ಕೆ ಇಳಿದಿರುತ್ತದೆ. ಸೊಂಟಕ್ಕೆ ಒಗ್ಗಲೆಂದು ಒಂದಿಂಚು ಗಿಡ್ಡದ್ದನ್ನು ಕೊಂಡವನು ಬೇಟೆಯ ಹಕ್ಕನ್ನೇ ಕಳೆದುಕೊಂಡಂತೆ. ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುವ ಮೊದಲು ತನ್ನ ರಾಜ್ಯದ ಆ ವರ್ಷದ ಬೇಟೆ ನಿಯಮಗಳ ಪುಸ್ತಕ ಓದಬೇಕಾದ್ದು ಇದಕ್ಕೇ. ಅದು ಪುಕ್ಕಟೆ ಸಿಗುತ್ತದೆ, ಆದರೂ ಓದುವವರು ಕಡಿಮೆ.

ಇನ್ನು ಸೊಂಟದ ವಾದ. ದಿನವಿಡೀ ಒಯ್ಯುವ ಪಿಸ್ತೂಲು ಹಗುರವಿರಬೇಕು, ತೆಳ್ಳಗಿರಬೇಕು, ಕೂತಾಗ ಪಕ್ಕೆಗೆ ಚುಚ್ಚಬಾರದು, ಅಂಗಿಯ ಮೇಲೆ ಉಬ್ಬಿ ಕಾಣಬಾರದು. 2018ರಲ್ಲಿ ಸಿಗ್ ಸಾವರ್ ಕಂಪನಿ ಪಿ365 ಎಂಬ ಪುಟಾಣಿ 9 ಎಂಎಂ ಪಿಸ್ತೂಲು ತಂದಾಗ ಮಾರುಕಟ್ಟೆಯೇ ತಿರುಗಿಬಿದ್ದದ್ದು ಇದೇ ಕಾರಣಕ್ಕೆ. ನಳಿಗೆ ಮೂರಿಂಚು ಚಿಲ್ಲರೆ, ಖಾಲಿ ತೂಕ ಸುಮಾರು ಅರ್ಧ ಕಿಲೋ, ಮ್ಯಾಗಜೀನಿನಲ್ಲಿ ಹತ್ತು ತೋಟೆ. ಅದರ ಪಕ್ಕಕ್ಕೆ ಬೇಟೆಗಾರರ ಅಚ್ಚುಮೆಚ್ಚಿನ ರೂಗರ್ ಸೂಪರ್ ಬ್ಲಾಕ್‌ಹಾಕ್ ಇಟ್ಟು ನೋಡಬೇಕು: ನಳಿಗೆಯೇ ಏಳೂವರೆ ಇಂಚು, ತೂಕ 1.3 ಕಿಲೋ ಮೇಲೆ, ಗುಂಡು ಆರೇ, ಪ್ರತಿ ಸಲವೂ ಹೆಬ್ಬೆರಳಿನಿಂದ ಸುತ್ತಿಗೆ ಎಳೆದೇ ಹೊಡೆಯಬೇಕು. ಬೇಟೆಯಲ್ಲಿ ಆ ಉದ್ದ, ಆ ತೂಕ ಎರಡೂ ವರ. ಉದ್ದ ನಳಿಗೆಯಲ್ಲಿ ಗುಂಡಿಗೆ ವೇಗ ಸಿಗುತ್ತದೆ, ನಳಿಗೆಯ ಹಿಂದಿನ ಗುರಿಕಂಡಿಗೂ ಮುಂದಿನ ಗುರಿಮೊನೆಗೂ ಅಂತರ ಹೆಚ್ಚಿ ಗುರಿ ನಿಖರವಾಗುತ್ತದೆ, ತೂಕ ಹಿಂದೊದೆತವನ್ನು ನುಂಗುತ್ತದೆ. ಕಾರಿನಲ್ಲಿ ಸೀಟ್‌ಬೆಲ್ಟ್ ಹಾಕಿಕೊಂಡು ಕೂತವನಿಗೆ ಇವೇ ಶಾಪ. ಇಂಥದ್ದನ್ನು ಉತ್ಸಾಹದಿಂದ ಕೊಂಡವರು ಎರಡು ವಾರ ಹೊತ್ತು ತಿರುಗಿ, ಮೂರನೆಯ ವಾರ ಮನೆಯ ಕಪಾಟಿನಲ್ಲಿ ಬಿಟ್ಟುಹೋಗುವುದು ಅಂಗಡಿಯವರಿಗೆಲ್ಲ ಗೊತ್ತಿರುವ ಸಂಗತಿ.

ಗುಂಡಿನ ಸ್ವಭಾವದಲ್ಲೂ ಜಗಳವಿದೆ. ಊರೊಳಗೆ ಒಯ್ಯುವವರು ತುದಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್ ಗುಂಡು ಬಳಸುತ್ತಾರೆ. ಮೈಗೆ ತಾಗಿದೊಡನೆ ಅದು ಅರಳಿ ಅಗಲವಾಗಿ ಒಳಗೇ ನಿಲ್ಲಬೇಕು, ಆಚೆ ತೂರಿಹೋಗಿ ಹಿಂದಿದ್ದ ಮೂರನೆಯವರನ್ನು ಮುಟ್ಟಬಾರದು. ಎಫ್‌ಬಿಐ ತನ್ನ ಪರೀಕ್ಷೆಯಲ್ಲಿ ಜೆಲಟಿನ್ ಅಚ್ಚಿನೊಳಗೆ 12ರಿಂದ 18 ಇಂಚು ಇಳಿಯುವ ಗುಂಡನ್ನು ಮೆಚ್ಚುವುದು ಇದಕ್ಕೇ. ಪಿಸ್ತೂಲಿನಲ್ಲಿ ಜಿಂಕೆ ಹೊಡೆಯುವವನಿಗೆ ಹೆಚ್ಚಾಗಿ ಬೇಕಾದ್ದು ಇದಕ್ಕೆ ತದ್ವಿರುದ್ಧ: ಭಾರದ, ಗಟ್ಟಿಮೈಯ, ಮೂಳೆ ಅಡ್ಡಬಂದರೂ ನಿಲ್ಲದೆ ಹಾಯುವ ಗುಂಡು. ಬೇಟೆಯ ತೋಟೆಯನ್ನೇ ತುಂಬಿಕೊಂಡು ಪೇಟೆಗೆ ಹೋಗುವವನು ತನ್ನ ಗುಂಡು ಎರಡು ಗೋಡೆ ದಾಟಿ ಎಲ್ಲಿ ನಿಲ್ಲುತ್ತದೆಂದು ಯೋಚಿಸಿರುವುದಿಲ್ಲ.

ಹಾಗಾದರೆ ನಡುವಿನ ದಾರಿ ಇಲ್ಲವೇ? ಇದೆಯೆನ್ನುವವರು ತೋರಿಸುವುದು 10 ಎಂಎಂ ಆಟೋವನ್ನು. ಅದರ ಕಥೆಯೇ ಸ್ವಾರಸ್ಯ. 1983ರಲ್ಲಿ, ಪಿಸ್ತೂಲು ವಿದ್ಯೆಯ ಗುರುವೆನಿಸಿದ್ದ ಜೆಫ್ ಕೂಪರ್‌ನ ಕಲ್ಪನೆಯಂತೆ ಬ್ರೆನ್ ಟೆನ್ ಎಂಬ ಪಿಸ್ತೂಲಿನೊಂದಿಗೆ ಈ ತೋಟೆ ಬಂತು. ‘ಮಯಾಮಿ ವೈಸ್’ ಧಾರಾವಾಹಿಯ ನಾಯಕ ಅದನ್ನು ಹಿಡಿದ, ಹೆಸರೂ ಆಯಿತು, ಆದರೆ ತಯಾರಿಸಿದ ಕಂಪನಿಯೇ ಮುಳುಗಿತು. 1986ರ ಏಪ್ರಿಲ್ 11ರಂದು ನಿಜವಾದ ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಂದಿಗಿನ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು ಸತ್ತರು. ಗುಂಡು ತಾಗಿದ ಮೇಲೂ ದರೋಡೆಕೋರರು ಹೊಡೆಯುತ್ತಲೇ ಇದ್ದರು. 9 ಎಂಎಂ ಗುಂಡು ಸಾಕಷ್ಟು ಒಳಗಿಳಿಯಲಿಲ್ಲವೆಂದು ಎಫ್‌ಬಿಐ 10 ಎಂಎಂ ಕೈಗೆತ್ತಿಕೊಂಡಿತು. ಪೂರ್ತಿ ಕಸುವಿನ ತೋಟೆ ಎಷ್ಟೋ ಅಧಿಕಾರಿಗಳ ಕೈಗೆ ಒಗ್ಗಲಿಲ್ಲ. ಮದ್ದು ತಗ್ಗಿಸಿದರು; ತಗ್ಗಿಸಿದ ಮೇಲೆ ಅಷ್ಟುದ್ದದ ತೋಟೆಯಾದರೂ ಯಾಕೆಂದು 1990ರಲ್ಲಿ .40 ಸ್ಮಿತ್ ಅಂಡ್ ವೆಸ್ಸನ್ ಹುಟ್ಟಿತು. ಮುಂದೆ ಗುಂಡಿನ ತಂತ್ರ ಸುಧಾರಿಸಿದಾಗ ಎಫ್‌ಬಿಐ ಮರಳಿ 9 ಎಂಎಂಗೇ ಬಂತು. ಪೊಲೀಸರು ಕೈಬಿಟ್ಟ 10 ಎಂಎಂ ಬೇಟೆಗಾರರ ಪಾಲಾಯಿತು. ಗ್ಲಾಕ್ 20 ಪಿಸ್ತೂಲಿನಲ್ಲಿ 15 ತೋಟೆ ಹಿಡಿಯುತ್ತವೆ, ಒಳ್ಳೆಯ ತೋಟೆಯಾದರೆ ಕಸುವು 600 ದಾಟುತ್ತದೆ. ಕರಡಿಯಿರುವ ಸೀಮೆಯಲ್ಲಿ ನಡೆಯುವವರು ಅದನ್ನು ಎದೆಯ ಒರೆಯಲ್ಲಿ ಒಯ್ಯುತ್ತಾರೆ. ಆದರೆ ಅದರ ಹಿಡಿ ದಪ್ಪ, ಮೈ ಅಗಲ. ಟೀ-ಶರ್ಟಿನಡಿ ಅಡಗುವ ಜಾತಿಯಲ್ಲ. ಓಹಾಯೋದ ನಿಯಮಕ್ಕೆ ಅದರ 4.6 ಇಂಚಿನ ನಳಿಗೆಯೂ ಸಾಲದು.

ಇಷ್ಟೆಲ್ಲ ಅಂಕಿಗಿಂತ ದೊಡ್ಡ ಸಂಗತಿಯೊಂದಿದೆ, ಹೊಡೆಯುವವನ ಕೈ. ಪಿಸ್ತೂಲಿಗೆ ರೈಫಲ್ಲಿನಂತೆ ಭುಜದ ಆಸರೆ ಇಲ್ಲ. ಮಣಿಕಟ್ಟು ಕೂದಲೆಳೆಯಷ್ಟು ಅಲುಗಿದರೂ 50 ಗಜದಾಚೆ ಗುಂಡು ಅಂಗೈ ಅಗಲ ಅತ್ತಿತ್ತಾಗುತ್ತದೆ. ತರಬೇತಿ ಕೊಡುವವರು ಇದನ್ನು ತೋರಿಸುವ ಬಗೆ ಸರಳ. ರಿವಾಲ್ವರಿನ ಆರು ಕುಳಿಗಳಲ್ಲಿ ಮೂರಕ್ಕೆ ಜೀವಂತ ತೋಟೆ, ಮೂರಕ್ಕೆ ಸಿಡಿದ ಖಾಲಿ ತೋಟೆ ತುಂಬಿ, ಉರುಳೆ ತಿರುಗಿಸಿ ಮುಚ್ಚಿ ಶಿಷ್ಯನ ಕೈಗೆ ಕೊಡುತ್ತಾರೆ. ಅವನಿಗೆ ಯಾವುದು ಯಾವಾಗ ಬರುತ್ತದೆಂದು ತಿಳಿಯದು. ಕುದುರೆ ಎಳೆಯುತ್ತಾನೆ, ಢಮಾರ್ ಎನ್ನುತ್ತದೆ, ನಳಿಗೆ ಮೇಲಕ್ಕೆ ಚಿಮ್ಮುತ್ತದೆ, ಎಲ್ಲ ಸರಿಯಾಗೇ ಕಾಣುತ್ತದೆ. ಇನ್ನೊಮ್ಮೆ ಎಳೆಯುತ್ತಾನೆ, ಸುತ್ತಿಗೆ ಖಾಲಿ ತೋಟೆಯ ಮೇಲೆ ಟಕ್ಕೆಂದು ಬೀಳುತ್ತದೆ, ಗುಂಡೇ ಹಾರದ ಆ ಕ್ಷಣದಲ್ಲಿ ನಳಿಗೆಯ ಮೂತಿ ಎರಡಿಂಚು ಕೆಳಕ್ಕೆ ಕುಸಿಯುತ್ತದೆ. ಬರಲಿರುವ ಸದ್ದಿಗೂ ಒದೆತಕ್ಕೂ ಹೆದರಿ ಕೈ ತಾನಾಗಿ ಮಾಡಿದ ಕೆಲಸ ಅದು. .44 ಮ್ಯಾಗ್ನಮ್ ಕೊಂಡು ಎರಡು ಪೆಟ್ಟಿಗೆ ತೋಟೆ ಹೊಡೆದವರಲ್ಲಿ ಈ ರೋಗ ಅಂಟಿಸಿಕೊಳ್ಳದವರು ವಿರಳ. ಅಂಟಿದ ಮೇಲೆ ಬಿಡಿಸಲು ತಿಂಗಳುಗಳು ಬೇಕು. ಕಿವಿಗೆ ರಕ್ಷಣೆಯಿಲ್ಲದೆ ಹೊಡೆದರಂತೂ ಕಿವಿಯೂ ಹೋಗುತ್ತದೆ. ಮ್ಯಾಗ್ನಮ್ ರಿವಾಲ್ವರಿನ ಸದ್ದು 160 ಡೆಸಿಬೆಲ್ಲಿನ ಮೇಲೇ.

ಹೀಗಾಗಿ ಪಿಸ್ತೂಲು ಬೇಟೆಗಾರರು ಒಂದು ಅಳತೆ ಇಟ್ಟುಕೊಂಡಿದ್ದಾರೆ. ಎಂಟಿಂಚಿನ ಕಾಗದದ ತಟ್ಟೆಯನ್ನು ನಿಲ್ಲಿಸಿ, ಎಷ್ಟು ದೂರದಿಂದ ಹೊಡೆದರೆ ಎಲ್ಲ ಗುಂಡೂ ತಟ್ಟೆಯೊಳಗೇ ಬೀಳುತ್ತವೋ ಅದೇ ಹೊಡೆಯುವವನ ಬೇಟೆಯ ಗಡಿ. ದುರ್ಬೀನಿಲ್ಲದ ಮಾಮೂಲಿ ಗುರಿಯಲ್ಲಿ ಹೆಚ್ಚಿನವರಿಗೆ ಅದು 50 ಗಜದೊಳಗೇ ಮುಗಿಯುತ್ತದೆ. ಅದಕ್ಕೂ ಮೀರಿ ಹೊಡೆದರೆ ಅನುಭವಿಸುವುದು ಜಿಂಕೆ. ಗುಂಡು ತಾಗಿ ಓಡಿದ ಜಿಂಕೆಯ ರಕ್ತವೇ ಎಲ್ಲಿ ತಾಗಿತೆಂದು ಹೇಳುತ್ತದೆ: ನೊರೆ ನೊರೆಯಾದ ತಿಳಿಗೆಂಪಾದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ, ಕಡುಗೆಂಪಾದರೆ ಪಿತ್ತಜನಕಾಂಗ, ಹಸಿರು ಬೆರೆತು ದುರ್ನಾತವಿದ್ದರೆ ಹೊಟ್ಟೆ. ಹೊಟ್ಟೆಗೆ ಬಿದ್ದ ಜಿಂಕೆ ಸಾಯಲು ಗಂಟೆಗಟ್ಟಲೆ ಹಿಡಿಯುತ್ತದೆ, ಎಷ್ಟೋ ಸಲ ಸಿಗುವುದೇ ಇಲ್ಲ.

ಸೊಂಟದ ಪಿಸ್ತೂಲಿಗೂ ಇಂಥದ್ದೇ ಒಂದು ಕಹಿ ಲೆಕ್ಕವಿದೆ, ಅಂಗಡಿಯಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, 26 ಸಾವಿರಕ್ಕೂ ಮೇಲ್ಪಟ್ಟು, ಆತ್ಮಹತ್ಯೆ ಮಾಡಿಕೊಂಡವರು. ರಾತ್ರಿ ಸೊಂಟದಿಂದ ಬಿಚ್ಚಿದ ಪಿಸ್ತೂಲು ಎಲ್ಲಿ ಮಲಗುತ್ತದೆ, ಬೀಗದ ಪೆಟ್ಟಿಗೆಯಲ್ಲೋ ಮಂಚದ ಪಕ್ಕದ ಮೇಜಿನ ಮೇಲೋ ಎಂಬುದು ನಳಿಗೆ ಎಷ್ಟಿಂಚು ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ. ಪಿಸ್ತೂಲಿನ ಬಜೆಟ್ಟಿನಲ್ಲಿ ಬೀಗದ ಪೆಟ್ಟಿಗೆಗೆ ಜಾಗವಿಲ್ಲದವನು ಪಿಸ್ತೂಲು ಕೊಳ್ಳದಿರುವುದೇ ಲೇಸು.

ಇಷ್ಟೆಲ್ಲ ಆದ ಮೇಲೂ ಒಂದೇ ಸಾಕು, ಎರಡಕ್ಕೆ ದುಡ್ಡಿಲ್ಲ ಎನ್ನುವವನಿಗೆ ಏನು ಹೇಳುವುದು? ಉತ್ತರ ಹಳೆಯದೇ: ನಾಲ್ಕಿಂಚಿನ ಉಕ್ಕಿನ .357 ರಿವಾಲ್ವರ್, ಓಹಾಯೋದಂಥ ಕಡೆ ಆರಿಂಚಿನದು. ಸ್ಮಿತ್ ಅಂಡ್ ವೆಸ್ಸನ್ 686, ರೂಗರ್ ಜಿಪಿ100 ಇಂಥವು 1980ರ ದಶಕದಿಂದಲೂ ಇವೆ. ಅದರ ದೊಡ್ಡ ಗುಣವೆಂದರೆ ಅದೇ ಉರುಳೆಯಲ್ಲಿ ಮೆತ್ತನೆಯ .38 ಸ್ಪೆಷಲ್ ತೋಟೆಯೂ ಹಿಡಿಯುತ್ತದೆ. ಅಭ್ಯಾಸಕ್ಕೆ ಅದು, ಹಂಗಾಮಿಗೆ ಮ್ಯಾಗ್ನಮ್. ಆದರೆ ಒಂದು ಕಿಲೋ ದಾಟಿದ ಈ ಉಕ್ಕನ್ನು ಬೇಸಿಗೆಯಲ್ಲಿ ಒಯ್ಯುವುದು ಸುಖದ ಕೆಲಸವಲ್ಲ, 50 ಗಜದಾಚೆಯ ಜಿಂಕೆಯನ್ನು ಬಿಟ್ಟುಬಿಡಬೇಕು, ಕೊಲೊರಾಡೋದಂಥ ರಾಜ್ಯದಲ್ಲಿ ಮಾಮೂಲಿ ತೋಟೆಗೆ ಅನುಮತಿಯೇ ಇಲ್ಲ. ದುಡ್ಡು ಕೂಡಿಸಬಲ್ಲವನಿಗೆ ಸಲಹೆ ಇನ್ನೂ ಸುಲಭ: ಜಿಂಕೆಗೆ ಹಳೆಯದೊಂದು ರೈಫಲ್ಲು, ಸೊಂಟಕ್ಕೆ ಪುಟ್ಟ 9 ಎಂಎಂ. ಪಿಸ್ತೂಲಿನಲ್ಲೇ ಜಿಂಕೆ ಹೊಡೆಯುವ ಹಂಬಲ ಅವಶ್ಯಕತೆಯಲ್ಲ, ಅದೊಂದು ಆಟ. ಆಟಕ್ಕೆ ಆಟದ ಸಾಮಾನು ಬೇರೆಯೇ ಇರಲಿ.

ನಮ್ಮಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆ, ಕಡವೆಗಳ ಬೇಟೆಯನ್ನು ನಿಷೇಧಿಸಿದೆ. ಪಿಸ್ತೂಲಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸು ಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಆ ಕೋವಿಗೂ ಜಿಂಕೆಯತ್ತ ತಿರುಗುವ ಹಕ್ಕಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಮಾತ್ರ ಇದು ನೇರವಾಗಿ ತಟ್ಟುವ ವಿಷಯ. ಎಚ್-1ಬಿ, ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದು ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಯಾವುದಾದರೊಂದು ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಹಾಗಾಗಿ ಬೇಟೆಗೇ ಹೋಗದ ಸಾಫ್ಟ್‌ವೇರ್ ಎಂಜಿನಿಯರು ಪಿಸ್ತೂಲಿಗಾಗಿ ಬೇಟೆ ಪರವಾನಗಿ ಮಾಡಿಸುವುದುಂಟು. ಆ ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು, ಕಪಾಟಿನಲ್ಲಿರುವ ಪಿಸ್ತೂಲು ಅಪರಾಧದ ವಸ್ತುವಾಯಿತು. ಅದರ ಬೆನ್ನಿಗೆ ವೀಸಾಕ್ಕೂ ಸಂಚಕಾರ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಉಳಿದವರು ಪಿಸ್ತೂಲಿನ ಬೆಲೆ ವಿಚಾರಿಸುವ ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ವಿಚಾರಿಸಲಿ.